ಕೆಂಪೆಣ್ಣೆಯಲ್ಲಿ ಎರಡು ಬೆಳಕು

ಎಂ.ಎಸ್ಸಿ. ಕೊನೆಯ ವರ್ಷಕ್ಕೆ ನಾನು ಆರಿಸಿಕೊಂಡ ವಿಷಯ, ಒಂದು ಬೆಳಕು ಇನ್ನೊಂದನ್ನು ಹೇಗೆ ಕದಲಿಸುತ್ತದೆ ಎಂಬುದು. ಗಾಳಿಯಲ್ಲಿ ಎರಡು ಲೇಸರ್ ಕಿರಣಗಳು, ಮಾತುಬಿಟ್ಟ ಬೀಗರು ಮದುವೆಮನೆಯಲ್ಲಿ ಎದುರಾದಂತೆ, ಒಂದನ್ನೊಂದು ನೋಡದೆ ದಾಟಿಹೋಗುತ್ತವೆ. ಅವುಗಳ ನಡುವೆ ಮಾತು ಹುಟ್ಟಿಸಲು ತಕ್ಕ ಮಾಧ್ಯಮ ಬೇಕು. ಅದು ನನ್ನ ಬಳಿ ಇರಲಿಲ್ಲ.

ಹಾವೇರಿಯ ಕಾಲೇಜಿನ ನಮ್ಮ ಸರ್ ಗಡುವು ಕೊಟ್ಟರು: "ಸೋಮವಾರ ತೋರ್ಸಿದ್ರ ಸರಿ. ಇಲ್ಲಂದ್ರ ವಿಷಯ ಬದಲಿ. ಲೋಲಕದ ತೂಗಾಟ ಎಣಿಸ್ಕೋತ ಕುಂದ್ರು."

ಭಾನುವಾರ ಬ್ಯಾಡಗಿಯ ಮನೆಯಲ್ಲಿ ಅವ್ವ ಒಗ್ಗರಣೆ ಹಾಕುವಾಗ ಹೊಳೆಯಿತು. ನಮ್ಮ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಅದರ ಕೆಂಪೆಣ್ಣೆ ಹಸಿರು ಬೆಳಕನ್ನು ಕುಡಿದು ಬಿಸಿಯಾಗುತ್ತದೆ. ಬಿಸಿಯಾದ ಜಾಗ ಮಸೂರದಂತಾಗುತ್ತದೆ. ಅಲ್ಲಿಂದಲೇ ಹಾಯುವ ಕೆಂಪು ಬೆಳಕು ಹರಡಿಕೊಳ್ಳಬೇಕು. ಮೆಣಸಿನಕಾಯಿ ಹುರಿದು, ಕುಟ್ಟಿ, ಎಣ್ಣೆಗೆ ಹಾಕಿ ಸೋಸಿದೆ. ಘಾಟಿಗೆ ಸೀನಿದವರ ಲೆಕ್ಕ ಡೈರಿಯಲ್ಲಿ ಹೀಗಿದೆ: ಅಜ್ಜಿ ಒಂಬತ್ತು, ಅವ್ವ ಐದು, ನಾನು ನಾಲ್ಕು, ಪಕ್ಕದ ಮನೆಯವರದು ಲೆಕ್ಕಕ್ಕೆ ಸಿಗಲಿಲ್ಲ.

"ಬೆಳಕಿಗೆ ಬೆಳಕು ಹಾಯಿಸಾಕ ಅವೇನು ಟಗರೇನೋ?" ಎಂದಳು ಅಜ್ಜಿ, ಮೂಗು ಒರೆಸಿಕೊಳ್ಳುತ್ತ.

ಎಣ್ಣೆ ತುಂಬಿದ ಬಾಟಲಿಯೊಳಗಿಂದ ಪುಟ್ಟ ಲೇಸರ್ ಪಾಯಿಂಟರಿನ ಕೆಂಪು ಬೆಳಕು ಹಾಯಿಸಿ, ಅದರ ದಾರಿಗೇ ಇನ್ನೊಂದರ ಹಸಿರು ಬೆಳಕು ಬಿಟ್ಟೆ. ಅಡುಗೆಮನೆ ಗೋಡೆಯ ಮೇಲಿದ್ದ ಕೆಂಪು ಚುಕ್ಕೆ ಬಳೆಯಂತೆ ಅರಳಿತು. ಹಸಿರು ಆರಿಸಿದರೆ ಮತ್ತೆ ಚುಕ್ಕೆ.

ಮರುದಿನ ಬಾಟಲಿಯನ್ನು ಚೀಲಕ್ಕೆ ಹಾಕಿದೆ. ಯಾರನ್ನೂ ಬರಿಗೈಯಲ್ಲಿ ಕಳಿಸದ ಅವ್ವ ಪಕ್ಕದಲ್ಲೇ ಮಂಡಕ್ಕಿ, ಹೆಚ್ಚಿದ ಉಳ್ಳಾಗಡ್ಡಿ, ಹುರಿಗಡಲೆಯ ಪುಠಾಣಿ ಹಿಟ್ಟು ತುರುಕಿದ್ದಳು. ಪ್ರಯೋಗಾಲಯದಲ್ಲಿ ನನ್ನ ಪದ್ಧತಿಯಂತೆ ಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಲೇಸರ್ ತರಲು ಹೋದೆ.

ಮರಳಿ ಬಂದರೆ ಸರ್ ಪೇಪರ್ ಹಾಸಿ ಮಂಡಕ್ಕಿ ಕಲಸಿ ತಿನ್ನುತ್ತಿದ್ದರು. ರಾಣೆಬೆನ್ನೂರಿನಿಂದ ನಾಷ್ಟಾ ಮಾಡದೆ ಬಂದಿದ್ದರಂತೆ.

"ಬಾರೋ. ಎಣ್ಣಿ ಭಾಳ ಛಲೋ ಐತಿ. ಯಾರು ಮಾಡ್ಯಾರ?"

"ನಾನರಿ."

"ಶಾಣ್ಯಾ! ಇರ್ಲಿ, ಎಲ್ಲೈತಿ ನಿನ್ನ ಮಾಧ್ಯಮ?"

ನಾನು ಅವರ ಕೆಂಪು ಬೆರಳುಗಳನ್ನು ನೋಡಿದೆ. ಅವರೂ ನೋಡಿಕೊಂಡರು. ಅಗಿಯುವುದು ನಿಂತಿತು.

"ಖರೇನ?"

"ಖರೇರಿ."

"ಮೊದ್ಲ ಹೇಳಬಾರದೇನಲೇ!"

ಬಾಟಲಿಯನ್ನು ತಲೆಕೆಳಗೆ ಹಿಡಿದು ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ತಳದ ಎಣ್ಣೆ ಹನಿಹನಿಯಾಗಿ ಬೆರಳಗಲದ ಗಾಜಿನ ಪೆಟ್ಟಿಗೆಗೆ ಇಳಿದು ಅರ್ಧ ತುಂಬಿತು. ಹಸಿರು ಬಿಟ್ಟೆ. ಗೋಡೆಯ ಕೆಂಪು ಚುಕ್ಕೆ ಅಲುಗಿತು, ತುಸು ತಡೆಯಿತು, ಆಮೇಲೆ ಬಳೆಯಾಯಿತು. ಬಾಟಲಿಯ ಬಾಯಿಗೆ ಮೆತ್ತಿಕೊಂಡಿದ್ದು ಎಣ್ಣೆಯ ಜೊತೆ ಇಳಿದಿದ್ದ ಪುಠಾಣಿ ಹಿಟ್ಟಿನ ನೆರಳು ಅದರ ನಡುವೆ ಮೆಲ್ಲಗೆ ಈಜುತ್ತಿತ್ತು.

"ವಿಷಯ ಇದ ಇರ್ಲಿ," ಎಂದು ಸರ್ ಬಿಕ್ಕಳಿಕೆಯ ನಡುವೆ ನನ್ನ ಅನುಮತಿ ಹಾಳೆಗೆ ಸಹಿ ಹಾಕಿದರು. "ಆದ್ರ ಇನ್ನ ಮ್ಯಾಲೆ ಎರಡು ಬಾಟ್ಲಿ ತರಬೇಕು ನೋಡು."

ಆ ಹಾಳೆಯ ಮೇಲೆ ಸಹಿಯ ಪಕ್ಕ ಅವರ ಹೆಬ್ಬೆರಳಿನ ಎಣ್ಣೆ ಕಲೆ ಇದೆ. ದೀಪಕ್ಕೆ ಹಿಡಿದರೆ ಅಲ್ಲಿ ಮಾತ್ರ ಬೆಳಕು ಹಾಯುತ್ತದೆ.