ಅಮ್ಮ ತರಿಸಿದ ಎಕ್ಸ್‌ಎಲ್ ಶರ್ಟು

ಸಾರಿ ಫ್ರೆಂಡ್ಸ್, ಮನೆಯ ವಿಷಯ ಈ ಗ್ರೂಪಿನಲ್ಲಿ ಬರೆಯಬಾರದು ಅಂತ ಗೊತ್ತು. ಹೇಳದೆ ಇರಲಿಕ್ಕೆ ಆಗುತ್ತಿಲ್ಲ.

ನಾನು ಈ ವರ್ಷವಷ್ಟೇ ದೋಹಾಕ್ಕೆ ಅಮ್ಮನ ಹತ್ತಿರ ಬಂದವಳು; ಇಲ್ಲಿ ರಿಟೇಲ್ ಡಿಪ್ಲೊಮಾ ಮೊದಲ ವರ್ಷ. ಭಾನುವಾರದಿಂದ ಮಾಲ್ ಅಂಗಡಿಯಲ್ಲಿ ಪ್ರಾಕ್ಟಿಕಲ್, ಬಿಳಿ ಶರ್ಟು ಕಡ್ಡಾಯ. ಅಮ್ಮ ಆನ್‌ಲೈನ್‌ನಲ್ಲಿ ತರಿಸಿದ ಶರ್ಟು ಇವತ್ತು ಬಂತು. ಹಾಕಿ ನೋಡಿದರೆ ತೋಳು ಬೆರಳಿನ ತುದಿ ದಾಟಿತ್ತು. ಮೊದಲೇ ನನಗೆ ಗಿರಾಕಿಗಳೆಂದರೆ ಭಯ!

"ಅಮ್ಮಾ, ಇದು ಎಕ್ಸ್‌ಎಲ್!"

"ಇರ್ಲಿ ಮಗಾ, ಮುಂದಿನ ವರ್ಷಕ್ಕೂ ಆಗ್ತದೆ. ನೀನು ಬೆಳೀತಿ ಅಲ್ವಾ?"

"ನಂಗೆ ಹದಿನೆಂಟಾಯ್ತು. ಇನ್ನು ಎಂತ ಬೆಳೆಯುವುದು?"

ಅಮ್ಮ ನಗಲಿಲ್ಲ. ಹತ್ತು ವರ್ಷ ನಾನು ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದೆ. ಅಮ್ಮ ದೋಹಾದಿಂದ ಅಂದಾಜಿನಲ್ಲೇ ಬಟ್ಟೆ ಕಳಿಸುತ್ತಿದ್ದಳು, ಯಾವಾಗಲೂ ಒಂದು ಸೈಜ್ ದೊಡ್ಡದು. ಉಳಿದ ಹುಡುಗಿಯರು ರಜೆ ಮುಗಿಸಿ ಬಂದು, "ಅಂಗಡಿಯಲ್ಲಿ ಅಮ್ಮ ನಾಲ್ಕು ಡ್ರೆಸ್ ಹಾಕಿಸಿ ನಾಲ್ಕನ್ನೂ ಬೇಡ ಅಂದ್ಲು" ಎಂದು ಬೈಯುತ್ತಿದ್ದರು. ಹಾಗೆ ಬೈಯಲು ನನಗೆಷ್ಟು ಆಸೆಯಿತ್ತು!

ಈ ವಾರ ಕ್ಲಾಸಿನಲ್ಲಿ ಕಸ್ಟಮರ್ ಸ್ಯಾಟಿಸ್‌ಫ್ಯಾಕ್ಷನ್ ಪಾಠ. ಬೆಲೆ, ಡೆಲಿವರಿ, ರಿಟರ್ನ್ ಎಂದೆಲ್ಲ ಬರೆದುಕೊಂಡಿದ್ದೇನೆ. ಅಮ್ಮನೂ ಅದನ್ನೇ ಹೇಳಿದಳು: "ರಿಟರ್ನ್ ಫ್ರೀ ಉಂಟು. ಬೇರೆ ಆರ್ಡರ್ ಮಾಡ್ತೇನೆ."

"ಬೇಡ. ಶುಕ್ರವಾರ ಒಟ್ಟಿಗೆ ಅಂಗಡಿಗೆ ಹೋಗುವ."

"ನಂಗೆ ನಿನ್ನ ಸೈಜೇ ಗೊತ್ತಿಲ್ಲ ಮಾರಾಯ್ತಿ."

"ಅದಕ್ಕೇ ಅಮ್ಮಾ."

ಮೊಬೈಲಿನ ಶಾಪಿಂಗ್ ಆ್ಯಪ್ ಮುಚ್ಚಿ, "ಸರಿ, ಹೋಗುವ" ಅಂದಿದ್ದಾಳೆ.

ದೋಹಾದ ಓಲ್ಡ್ ಏರ್‌ಪೋರ್ಟ್ ಏರಿಯಾ ಕಡೆ, ಇಬ್ಬರು ಒಟ್ಟಿಗೆ ನಿಲ್ಲುವಷ್ಟು ದೊಡ್ಡ ಟ್ರಯಲ್ ರೂಮ್ ಇರುವ ಬಟ್ಟೆ ಅಂಗಡಿ ಯಾವುದಿದೆ? ಅಮ್ಮ ಮತ್ತೆ ಆ ಆ್ಯಪ್ ತೆರೆಯುವ ಮೊದಲು ಬೇಗ ರಿಪ್ಲೈ ಮಾಡಿ, ಪ್ಲೀಸ್.