ಕೊನೆಯ ಹಾಡು ಮುಗಿದ ಮೇಲಿನ ಟೇಪು

ಗಿರಾಕಿ ಕೇಳದೇ ಇದ್ದದ್ದನ್ನು ಒಂದಿಷ್ಟು ಪುಕ್ಕಟೆ ಕೊಡಿ, ಅವನು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ತೊಂಬತ್ತರ ದಶಕದಲ್ಲಿ ದೊಡ್ಡಬಳ್ಳಾಪುರದ ನನ್ನ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ನಿಂತದ್ದೇ ಹಾಗೆ. ಟೇಪಿನ ಕೊನೆಯಲ್ಲಿ ಜಾಗ ಉಳಿದರೆ ಖಾಲಿ ಬಿಡುತ್ತಿರಲಿಲ್ಲ. ಅವರವರ ದೇವರ ಎರಡು ಹಾಡು ತುಂಬಿಸಿ ಕೊಡುತ್ತಿದ್ದೆ.

ಮಗ್ಗ ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯ ಕ್ರಿಶ್ಚಿಯನ್. ಅವನ ತಮ್ಮ ದಾಬಸ್‌ಪೇಟೆಯ ಕಾರ್ಖಾನೆಯಲ್ಲಿದ್ದ. ಬೆಂಗಳೂರಿನ ಚರ್ಚಿಗೆ ಬಂದಿದ್ದ ಅಮೆರಿಕದವರೊಬ್ಬರು ಕೊಟ್ಟ, ಏಸುವಿನ ಮೇಲೆಯೇ ಕಿರುಚಿ ಹಾಡುವ ಹಾರ್ಡ್‌ಕೋರ್ ರಾಕ್ ಬ್ಯಾಂಡಿನ ಕ್ಯಾಸೆಟ್ ಆ ಹುಡುಗನ ಜೀವ. ಒಮ್ಮೆ ಅಂಗಡಿಯಲ್ಲಿ ಹಾಕಿಸಿದ್ದ. ಗಿಟಾರಿನ ಅಬ್ಬರ, ಗಂಟಲು ಹರಿಯುವ ಅರಚಾಟ.

“ಲೇ, ಏಸುನ ಯಾಕೋ ಹಿಂಗ್ ಬೈತಾವ್ರೆ?” ಅಂದೆ.

“ಬೈತಿಲ್ಲಣ್ಣ, ಕರೀತಾವ್ರೆ. ನಿಂಗೆ ನೋವಾದಾಗ ರಾಗವಾಗಿ ಕೂಗ್ತೀಯಾ?”

ಆರು ತಿಂಗಳಲ್ಲಿ ಕಾಮಾಲೆ ಆ ಹುಡುಗನನ್ನು ಕೊಂಡೊಯ್ದಿತು.

ತಮ್ಮ ತೀರಿಕೊಂಡ ವರ್ಷದ ಪ್ರಾರ್ಥನೆ ಹತ್ತಿರ ಬಂದಾಗ ಗೆಳೆಯ ಅದೇ ಕ್ಯಾಸೆಟ್ ತಂದ. “ಟೇಪ್ ಸವೆದೈತೆ, ಒಂದು ಕಾಪಿ ಮಾಡ್ಕೊಡು ಗುರು. ಕೊನೇವರ್ಗೂ ಮಾಡು, ಅದ್ರಲ್ಲಿ...”

ಎದುರಿಗೆ ಹೋಲ್‌ಸೇಲ್‌ನವನು ಕೂತಿದ್ದ, ನಾನು ಚೌಕಾಸಿಯಲ್ಲಿದ್ದೆ. “ಗೊತ್ತು ಬಿಡಪ್ಪ, ನಂಗೇ ಹೇಳಿಕೊಡ್ತೀಯಾ?” ಎಂದು ಕ್ಯಾಸೆಟ್ ಕಿತ್ತುಕೊಂಡೆ.

ಕವರಿನಲ್ಲಿ ಅಚ್ಚಾಗಿದ್ದ ಹಾಡುಗಳನ್ನು ಎಣಿಸಿ ಅಷ್ಟನ್ನೂ ಕಾಪಿ ಮಾಡಿದೆ. ಆಮೇಲೆ ಮೂಲ ಕ್ಯಾಸೆಟ್ಟಿನಲ್ಲಿ ಬರೀ ಗರಗರ, ಯಾರೋ ದೂರದಿಂದ ಕಿರುಚಿದಂತೆ. ಯಾರೋ ಗುಂಡಿ ತಪ್ಪಿ ಒತ್ತಿ ರೆಕಾರ್ಡ್ ಆದ ಕಸ ಅಂದುಕೊಂಡೆ. ಕಂಪನಿ ಕ್ಯಾಸೆಟ್ಟಿನ ಮೇಲಂಚಿನ ತೂತು ತೆರೆದಿದ್ದರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ; ಇದರ ತೂತಿಗೆ ಪ್ಲಾಸ್ಟರ್ ಅಂಟಿಸಿತ್ತು. ಯಾಕೆ ಅಂಟಿಸಿದ್ದಾರೆಂದು ಯೋಚಿಸಲೇ ಇಲ್ಲ. ಗೆಳೆಯನಲ್ಲವೇ ಎಂದು ಎರಡೂ ಕ್ಯಾಸೆಟ್ಟುಗಳ ಕೊನೆಗೆ, ಮೂಲದಲ್ಲಿ ಆ ಕಸದ ಮೇಲೆಯೇ, ಇಂಪಾದ ಏಸುವಿನ ಹಾಡು ತುಂಬಿಸಿದೆ.

ಮರುದಿನ ಅವನು ಅಂಗಡಿಯಲ್ಲೇ ಕಾಪಿಯ ಕೊನೆಯ ಭಾಗ ಹಾಕಿಸಿದ. ಇಂಪಾದ ಹಾಡು ಬಂತು. ಮೂಲವನ್ನು ಹಾಕಿಸಿದ. ಅದೇ ಹಾಡು. ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು.

“ಮಗ್ಗದ ಶೆಡ್ಡಲ್ಲಿ ನನ್ ತಮ್ಮನೇ ಒಂದು ಹಾಡು ಕಟ್ಟಿ, ಈ ಟೇಪಿನ ಕೊನೇಲಿ ಹಾಡಿಟ್ಟಿದ್ದ ಕಣೋ,” ಅಂದ. “ನಾನಿನ್ನೂ ಕೇಳಿರ್ಲಿಲ್ಲ. ಧೈರ್ಯ ಬಂದಿರ್ಲಿಲ್ಲ. ನಾಳೆ ಅಮ್ಮನ ಜೊತೆ ಕೂತು ಕೇಳಾಣ ಅಂತಿದ್ದೆ.”

ವ್ಯಾಪಾರಕ್ಕಿಳಿಯುವವರಿಗೆ ಇವತ್ತಿಗೂ ಹೇಳುತ್ತೇನೆ: ಎದುರಿನವನು ಮಾತು ಮುಗಿಸುವವರೆಗೆ ಕೈ ಚಾಚಬೇಡಿ.

“ನೀನು ಕೇಳಿದ್ಯಲ್ಲ,” ಅಂದ. “ಏನಂತಿದ್ದ?”

ನಾನು ಕೇಳಿದ್ದು ನಾಲ್ಕೈದು ಕ್ಷಣ. ಸುಳ್ಳು ಹೇಳಬಹುದಿತ್ತು, ನಾಲಗೆ ತುದಿಗೆ ಬಂದೂ ಇತ್ತು. “ಗೊತ್ತಾಗ್ಲಿಲ್ಲ ಕಣೋ,” ಅಂದೆ.

“ಜೋರಾಗಿತ್ತಾ?”

“ಜೋರಾಗಿತ್ತು.”

ತಲೆಯಾಡಿಸಿ, ಎರಡೂ ಕ್ಯಾಸೆಟ್ ಜೇಬಿಗಿಟ್ಟುಕೊಂಡು, ಅಮ್ಮನಿಗೆ ಏನು ಹೇಳಲಿ ಎಂದು ನನ್ನನ್ನು ಕೇಳದೆಯೇ ಹೊರಟುಹೋದ.