ಬದು ದಾಟುವ ಕೋಶ

ಶಹಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ವಿಶ್ವಾರಾಧ್ಯ ಮಾಸ್ತರರಿಗೆ ಕಪ್ಪುಹಲಗೆ ಸಾಲದು. ಸುರಪುರದ ಬಸ್ಸಿನ ಧೂಳು ಕೂತ ಗಾಜಿನ ಮೇಲೂ ಬೆರಳಿನಿಂದ ವೈರಸ್ ಬರೆಯುತ್ತಾರೆ. ಪಕ್ಕದ ಸೀಟಿನವರು ಹೈಬ್ರಿಡ್ ವೈರಸ್ಸಿನ ಕಥೆ ಕೇಳದೆ ಇಳಿಯುವಂತಿಲ್ಲ. “ಎರಡು ವೈರಸ್ ಕೂಡಿ ಒಂದಾಗ್ಯಾವ್ರಿ. ಒಂದರ ಅಂಗಿ, ಇನ್ನೊಂದರ ಬುದ್ಧಿ. ಬೀಗರ ರುಮಾಲು ಸುತ್ತಿಕೊಂಡು ಲಗ್ನದ ಮನಿ ಹೊಕ್ಕವನಂಗ ಇಲಿಯ ಕೋಶದಾಗ ಹೊಕ್ಕು, ಸೀದಾ ಅಡಿಗಿಯವನ ಚೀಟಿ, ಅಂದ್ರ ಡಿಎನ್ಎ, ತಿದ್ದತದ!” ಆಮೇಲೇನಾಗುತ್ತದೆ ಎಂದು ಕೇಳಿದರಂತೂ ಅವರ ಕಣ್ಣುಗಳು ಅರಳುತ್ತವೆ. “ಒಳ್ಳೆ ಕೋಶ ಬಾಜೂದವರ ಮೈ ತಾಗಿದ್ರ ಬೆಳೆಯೋದು ನಿಲ್ಲಸ್ತದ. ಚೀಟಿ ಕೆಟ್ಟ ಕೋಶ ಬದು ಒತ್ತಿಕೋತ ಹೋಗ್ತದ. ಅದೇ ಕ್ಯಾನ್ಸರ್ ಗಡ್ಡಿ.” “ಹೊಲದ ಬದು ಒತ್ತೋ ನಮ್ಮ ಕಾಕಾನಂಗ ಅನ್ರಿ” ಎಂದು ಯಾರಾದರೂ ನಕ್ಕರೆ, ಗಾಳಿಯಲ್ಲೇ ದೊಡ್ಡದೊಂದು ರೈಟ್ ಮಾರ್ಕು ಹಾಕುತ್ತಾರೆ. ಮನೆಯಲ್ಲಿ ಹೆಂಡತಿ ಭಾಗಮ್ಮ ರೊಟ್ಟಿ ಬಡಿಯುವಾಗಲೂ ಹಿಟ್ಟಿನ ಉಂಡೆಗಳನ್ನು ಒತ್ತೊತ್ತಾಗಿಟ್ಟು ಇದೇ ಪಾಠ. “ರೊಟ್ಟಿ ನಿಮ್ಮ ಇಲಿಗೇ ಹಾಕ್ತೀನಿ, ನೀವು ಉಪಾಸ ಇರ್ರಿ” ಎನ್ನುತ್ತಾಳೆ ಆಕೆ. ಹೋದ ತಿಂಗಳು ಭಾಗಮ್ಮನ ಕೊರಳಲ್ಲಿ ಒಂದು ಗಡ್ಡೆ ಕಂಡಿತು. ಯಾದಗಿರಿಯ ಲ್ಯಾಬಿನಲ್ಲಿ ಅದರ ಪರೀಕ್ಷೆಯ ವರದಿ ಕೈಗೆ ಬಂದಾಗ, ಊರಿಗೆಲ್ಲ ಗಡ್ಡೆಯ ಕಥೆ ಹೇಳಿದ ಮಾಸ್ತರರಿಗೆ ಲಕೋಟೆ ತೆರೆಯುವ ಧೈರ್ಯವಾಗಲಿಲ್ಲ. ಅಲ್ಲೇ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿನಿ ಶಿವಾನಿಯ ಕೈಗೆ ಅದನ್ನು ಕೊಟ್ಟು, ಗೋಡೆ ನೋಡುತ್ತ ನಿಂತರು. ಆಕೆ ಓದಿ, ನಕ್ಕು, “ಬದು ದಾಟಿಲ್ರಿ ಸರ್. ಸಾದಾ ಗಡ್ಡಿ” ಎಂದಳು. ಮಾಸ್ತರರು ಬೆರಳೆತ್ತಿ ಗಾಳಿಯಲ್ಲಿ ಒಂದು ರೈಟ್ ಮಾರ್ಕು ಹಾಕಿದರು.